ಬಾತುಮರಿಗಳ ಆಹಾರವಿವೇಕ

ಮನೆಯ ಹಿತ್ತಿಲಿನಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಿ ಅನುಭವ ಪಡೆದ ಗೃಹಸ್ಥನು, ಸಮೀಪದಲ್ಲಿ ಕೆರೆಯೋ ಕೃಷಿಹೊಂಡವೋ ನೀರು ನಿಲ್ಲುವ ಗದ್ದೆಯೋ ಇರುವುದನ್ನು ಆಲೋಚಿಸಿ, ಬಾತುಕೋಳಿಗಳನ್ನೂ ಒಂದು ಕೈ ನೋಡೋಣವೆಂದು ನಿಶ್ಚಯಿಸಿ, ಮೊಟ್ಟೆಯೊಡೆದು ಒಂದೆರಡು ದಿನವಷ್ಟೇ ಆಗಿರುವ ಇಪ್ಪತ್ತು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ತಂದನೆಂದರೆ, ಅಂದಿನ ಸಂಜೆಯೊಳಗಾಗಿಯೇ ಅವನು ಉತ್ತರಿಸಬೇಕಾದ ಪ್ರಶ್ನೆಯೊಂದು ಎದುರಾಗುತ್ತದೆ: ಇವುಗಳಿಗೆ ಏನನ್ನು ತಿನ್ನಿಸುವುದು? ಅವನು ಹೋಗುವುದು ಪಟ್ಟಣದ ಹಿಂಡಿ-ಬೂಸಾ ಅಂಗಡಿಗೆ. ಅಲ್ಲಿ ಕೋಳಿಮರಿಗಳ ಸ್ಟಾರ್ಟರ್ ಉಂಟು, ಬೆಳೆಯುವ ಕೋಳಿಗಳ ಗ್ರೋವರ್ ಉಂಟು, ಮೊಟ್ಟೆಯಿಡುವ ಕೋಳಿಗಳ ಲೇಯರ್ ಉಂಟು, ಮಾಂಸದ ಕೋಳಿಗಳ ಬ್ರಾಯ್ಲರ್ ಫೀಡು ಉಂಟು. ಬಾತುಮರಿಗೆಂದು ಹೆಸರು ಬರೆದ ಚೀಲ ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ‘ಕೋಳಿಮರಿ ಫೀಡೇ ಹಾಕಿ ಸ್ವಾಮಿ, ಎರಡೂ ಮರಿಯೇ ತಾನೆ’ ಎಂದು ಅಂಗಡಿಯವನು ಸಮಾಧಾನ ಹೇಳುತ್ತಾನೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ, ಮೂರನೆಯ ವಾರದ ಹೊತ್ತಿಗೆ ಕಾಲು ಸೊಟ್ಟಗಾಗಿ, ಕುಳಿತಲ್ಲಿಂದ ಏಳಲಾರದೆ ರೆಕ್ಕೆಯೂರಿ ತೆವಳುವ ಮರಿಗಳನ್ನು ನೋಡಿ ಮರುಗಬೇಕಾಗುತ್ತದೆ. ಕೋಳಿಗಾಗಿ ಸಿದ್ಧವಾದ ಚೀಲವನ್ನು ಬಾತುವಿನ ಅಗತ್ಯಗಳ ದೃಷ್ಟಿಯಿಂದ ಓದುವುದು ಹೇಗೆ, ಯಾವ ವಯಸ್ಸಿನಲ್ಲಿ ಕೈ ಬಿಚ್ಚಿ ಖರ್ಚು ಮಾಡಬೇಕು, ಯಾವ ವಯಸ್ಸಿನಲ್ಲಿ ಮಿತವ್ಯಯ ತೋರಬಹುದು ಎಂಬುದೇ ಈ ಲೇಖನದ ವಿಚಾರ.

ಆಹಾರದ ಚರ್ಚೆಯನ್ನು ಅಂಗಡಿಯಿಂದ ತೊಡಗುವುದಕ್ಕಿಂತ ನಿಸರ್ಗದಿಂದ ತೊಡಗುವುದು ಯುಕ್ತ. ದಕ್ಷಿಣ ಅಮೆರಿಕದ ಮೂಲದ ಮಸ್ಕವಿ ಎಂಬ ಜಾತಿಯೊಂದನ್ನು ಹೊರತುಪಡಿಸಿದರೆ, ಜಗತ್ತಿನಲ್ಲಿಂದು ಸಾಕಲ್ಪಡುತ್ತಿರುವ ಬಾತುಗಳೆಲ್ಲವೂ ಮಲ್ಲಾರ್ಡ್ ಎಂಬ ಕಾಡುಬಾತುವಿನ ಸಂತತಿಯೇ ಆಗಿವೆ. ಚೀನದಿಂದ ಹೊರಟು 1873ರಲ್ಲಿ ಅಮೆರಿಕವನ್ನು ತಲುಪಿ ಅಲ್ಲಿ ಮಾಂಸಕ್ಕಾಗಿ ಪ್ರಸಿದ್ಧವಾದ ಬಿಳಿಯ ಪೆಕಿನ್ ಆಗಲಿ, ಹತ್ತೊಂಬತ್ತನೆಯ ಶತಮಾನವು ಮುಗಿಯುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಯೂಲಿ ಗ್ರಾಮದಲ್ಲಿ ಅಡೀಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ತನ್ನ ಮನೆಯಂಗಳದ ಬಾತುಗಳನ್ನು ಸಂಕರಗೊಳಿಸಿ ಪಡೆದ, ವರ್ಷಕ್ಕೆ ಮುನ್ನೂರರ ಸಮೀಪ ಮೊಟ್ಟೆಯಿಡಬಲ್ಲ ಖಾಕಿ ಕ್ಯಾಂಪ್‌ಬೆಲ್ ಆಗಲಿ, ಕೇರಳದ ಕುಟ್ಟನಾಡಿನ ಚಾರ, ಚೆಂಬಳ್ಳಿ ತಳಿಗಳಾಗಲಿ, ಈ ಮೂಲವನ್ನು ದಾಟಿ ಹೋದವುಗಳಲ್ಲ. ಈ ಮೂಲಪುರುಷನ ಮರಿ ಮೊಟ್ಟೆಯಿಂದ ಹೊರಬಂದ ಮೇಲೆ, ಒಡಲಿನಲ್ಲಿ ಉಳಿದುಬಂದ ಹಳದಿಯ ಅಂಶವನ್ನೇ ಆಧರಿಸಿ ಒಂದೆರಡು ದಿನ ಜೀವ ಹಿಡಿದಿರಬಲ್ಲುದಾದರೂ, ತಾಯಿಯ ಬೆನ್ನುಹತ್ತಿ ನೀರಿಗಿಳಿದೊಡನೆಯೇ ಅದು ಅರಸುವುದು ನೀರಿನ ಮೇಲೆ ಆಡುವ ಸಣ್ಣ ನೊಣಗಳನ್ನು, ಕೆಸರಿನೊಳಗಿನ ಹುಳುಗಳನ್ನು, ಎಳೆಯ ಬಸವನಹುಳುಗಳನ್ನು. ಬೆಳೆದ ಬಾತು ಬಹುಮಟ್ಟಿಗೆ ಬೀಜ, ಚಿಗುರು, ಬೇರುಗಳಿಂದ ಉದರಪೋಷಣೆ ಮಾಡಿಕೊಳ್ಳುವ ಪ್ರಾಣಿ. ಮರಿಯಾದರೋ ಮೊದಲ ವಾರಗಳಲ್ಲಿ ಪ್ರಧಾನವಾಗಿ ಕೀಟಭಕ್ಷಕ. ಮಾಂಸಾಹಾರದಿಂದ ಸಸ್ಯಾಹಾರಕ್ಕೆ ಮೆಲ್ಲಮೆಲ್ಲನೆ ಸರಿಯುವ ಈ ಕ್ರಮದಲ್ಲಿಯೇ ಬಾತುಮರಿಯ ಪೋಷಣೆಯ ಸೂತ್ರವೆಲ್ಲವೂ ಅಡಗಿದೆ: ಆದಿಯಲ್ಲಿ ಸಾರವತ್ತಾದುದು, ಅನಂತರ ಸಾಧಾರಣವಾದುದು.

ಬೆಳವಣಿಗೆಯ ವೇಗವನ್ನು ಗಮನಿಸಿದರೆ ಈ ಕ್ರಮದ ಅವಶ್ಯಕತೆ ಸ್ಪಷ್ಟವಾಗುತ್ತದೆ. ಮೊಟ್ಟೆಯಿಂದ ಹೊರಬಂದ ಪೆಕಿನ್ ಮರಿಯ ತೂಕ ಸುಮಾರು 50 ಗ್ರಾಂ. ಸಮರ್ಪಕವಾದ ಆಹಾರ ದೊರೆತರೆ ಏಳನೆಯ ವಾರದ ಹೊತ್ತಿಗೆ ಅದೇ ಮರಿ 3 ಕಿಲೋ ತೂಗುತ್ತದೆ. ಐವತ್ತು ದಿನಗಳೊಳಗೆ ದೇಹವು ಅರವತ್ತು ಪಾಲು ಹೆಚ್ಚಬೇಕಾದರೆ ಮಾಂಸಖಂಡವನ್ನೂ ಎಲುಬನ್ನೂ ಗರಿಯನ್ನೂ ಕಟ್ಟುವ ದ್ರವ್ಯಗಳು ದಿನದಿನವೂ ಹೊರಗಿನಿಂದ ಬರಬೇಕಷ್ಟೆ. ಅವುಗಳಲ್ಲಿ ಅಗ್ರಗಣ್ಯವಾದುದು ಪ್ರೋಟೀನು. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು 1994ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ, ಕುಕ್ಕುಟಪೋಷಣೆಯಲ್ಲಿ ಪ್ರಮಾಣವೆಂದು ಮನ್ನಣೆ ಪಡೆದ ಗ್ರಂಥವು, ಪೆಕಿನ್ ಮರಿಗಳ ಆಹಾರದಲ್ಲಿ ಮೊದಲ ಎರಡು ವಾರ ಶೇಕಡ 22ರಷ್ಟು ಪ್ರೋಟೀನು ಇರಬೇಕೆಂದೂ, ಅಲ್ಲಿಂದ ಏಳನೆಯ ವಾರದವರೆಗೆ ಶೇಕಡ 16 ಸಾಕೆಂದೂ ನಿರ್ದೇಶಿಸುತ್ತದೆ. ಮೊಟ್ಟೆಗಾಗಿ ಸಾಕುವ, ಬೆಳವಣಿಗೆಯಲ್ಲಿ ಅಷ್ಟು ಆತುರವಿಲ್ಲದ ಖಾಕಿ ಕ್ಯಾಂಪ್‌ಬೆಲ್ ಮೊದಲಾದ ತಳಿಗಳಿಗೆ ಆದಿಯಲ್ಲಿ ಶೇಕಡ 20, ಮೂರು ವಾರ ಕಳೆದ ಬಳಿಕ 16ರಿಂದ 18, ಎರಡು ತಿಂಗಳಾದ ಮೇಲೆ ಮೊಟ್ಟೆಯಿಡುವ ಕಾಲ ಸಮೀಪಿಸುವ ತನಕ 15ರ ಆಸುಪಾಸು ಎಂದು ಸ್ಥೂಲವಾಗಿ ಇಟ್ಟುಕೊಂಡರೆ ದೋಷವಿಲ್ಲ.

ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಯ ಚೀಲಗಳ ಮುಂದೆ ನಿಂತರೆ ಅರ್ಧ ಸಮಸ್ಯೆ ತಾನಾಗಿಯೇ ಪರಿಹಾರವಾಗುತ್ತದೆ. ಚೀಲದ ಮೇಲೆ ಹೊಲಿದಿರುವ ಚೀಟಿಯಲ್ಲಿ ಕಚ್ಚಾ ಪ್ರೋಟೀನು ಇಷ್ಟು, ನಾರು ಇಷ್ಟು, ಸುಣ್ಣದಂಶ ಇಷ್ಟು ಎಂದು ಬರೆದಿರುತ್ತದೆ. ಹೆಸರಿಗಿಂತ ಈ ಚೀಟಿಯೇ ಮುಖ್ಯ. ಕೋಳಿಮರಿಗಳ ಸ್ಟಾರ್ಟರಿನಲ್ಲಿ ಸಾಮಾನ್ಯವಾಗಿ ಶೇಕಡ 20ರಷ್ಟು ಪ್ರೋಟೀನು ಇರುವುದರಿಂದ ಅದು ಬಾತುಮರಿಯ ಮೊದಲ ವಾರಗಳಿಗೆ ಹೊಂದುತ್ತದೆ. ಗ್ರೋವರಿನಲ್ಲಿ 16ರ ಸಮೀಪ ಇರುವುದರಿಂದ ಮೂರನೆಯ ವಾರದ ಅನಂತರಕ್ಕೆ ಒಪ್ಪುತ್ತದೆ. ಗ್ರೋವರ್ ಸಿಕ್ಕದ ಊರಿನಲ್ಲಿ ಗೃಹಿಣಿಯು ತಾನೇ ಒಂದು ಲೆಕ್ಕ ಹಾಕಬಹುದು: ಶೇಕಡ 20ರ ಸ್ಟಾರ್ಟರ್ ಎರಡು ಪಾಲು, ಶೇಕಡ 8ರಷ್ಟು ಪ್ರೋಟೀನಿರುವ ನುಚ್ಚಕ್ಕಿ ಒಂದು ಪಾಲು ಕೂಡಿಸಿದರೆ, ಇಪ್ಪತ್ತು ಇಪ್ಪತ್ತು ಎಂಟು ಸೇರಿ ನಲವತ್ತೆಂಟು, ಮೂರರಿಂದ ಭಾಗಿಸಿದರೆ ಹದಿನಾರು. ಲೆಕ್ಕವೇನೋ ಚೊಕ್ಕವಾಗಿದೆ, ಆದರೆ ನುಚ್ಚು ಬೆರೆಸಿದಷ್ಟೂ ಸ್ಟಾರ್ಟರಿನಲ್ಲಿದ್ದ ಜೀವಸತ್ತ್ವಗಳೂ ಖನಿಜಗಳೂ ಮೂರನೆಯ ಒಂದು ಪಾಲು ತೆಳುವಾಗುತ್ತವೆ ಎಂಬುದನ್ನು ಮರೆಯಲಾಗದು. ಆದುದರಿಂದ ಈ ಮಿಶ್ರಣವು, ಹೊರಗೆ ಮೇಯಲು ಬಿಟ್ಟು ಹುಲ್ಲುಹುಳುಗಳಿಂದ ಕೊರತೆಯನ್ನು ತುಂಬಿಕೊಳ್ಳುವ ಮರಿಗಳಿಗೆ ಹೊಂದೀತೇ ಹೊರತು ಸದಾ ಗೂಡಿನಲ್ಲಿಯೇ ಇರುವ ಮರಿಗಳಿಗೆ ಹೊಂದದು.

ಇನ್ನು ಅಂಗಡಿಯವನ ಮಾತಿನ ಇನ್ನೊಂದು ಅರ್ಧದ ವಿಚಾರ. ಪ್ರೋಟೀನಿನಲ್ಲಿ ಕೋಳಿಮರಿಗೂ ಬಾತುಮರಿಗೂ ಹೇಳಿಕೊಳ್ಳುವಂತಹ ಭೇದವಿಲ್ಲದಿದ್ದರೂ, ‘ಬಿ’ ವರ್ಗಕ್ಕೆ ಸೇರಿದ ನಯಾಸಿನ್ ಎಂಬ ಜೀವಸತ್ತ್ವದ ವಿಷಯದಲ್ಲಿ ಎರಡರ ದಾರಿಯೂ ಬೇರೆಯಾಗುತ್ತದೆ. ಪ್ರಾಣಿಗಳು ಆಹಾರದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶದಿಂದ ತಮ್ಮ ದೇಹದಲ್ಲಿಯೇ ಒಂದಷ್ಟು ನಯಾಸಿನ್ನನ್ನು ತಯಾರಿಸಿಕೊಳ್ಳಬಲ್ಲವು. ಕೋಳಿ ಈ ಪರಿವರ್ತನೆಯನ್ನು ತಕ್ಕಮಟ್ಟಿಗೆ ನಿರ್ವಹಿಸುತ್ತದೆ. ಬಾತುವಿನ ಯಕೃತ್ತಿನಲ್ಲಿ ಆ ದ್ರವ್ಯವನ್ನು ಬೇರೆ ದಾರಿಗೆ ಎಳೆದೊಯ್ಯುವ ಕಿಣ್ವವೊಂದು ಪ್ರಬಲವಾಗಿರುವ ಕಾರಣ, ಹೀಗೆ ತಯಾರಾಗುವ ನಯಾಸಿನ್ ಅತ್ಯಲ್ಪ. ಪರಿಣಾಮವಾಗಿ, ಕೋಳಿಮರಿಗೆ ಕಿಲೋ ಆಹಾರದಲ್ಲಿ 27ರಿಂದ 35 ಮಿಲಿಗ್ರಾಂ ನಯಾಸಿನ್ ಇದ್ದರೆ ಸಾಕೆನ್ನುವ ಮೇಲ್ಕಂಡ ಗ್ರಂಥವೇ ಬಾತುಮರಿಗೆ 55 ಮಿಲಿಗ್ರಾಂ ಬೇಕೆನ್ನುತ್ತದೆ. ಕೊರತೆಯಾದಾಗ ಮೊದಲು ಕಾಣುವುದು ಕಾಲಿನಲ್ಲಿ. ಮರಿಯ ನಡಿಗೆ ನಿಧಾನವಾಗುತ್ತದೆ. ಒಡಹುಟ್ಟಿದವು ನೀರಿನ ಕಡೆಗೆ ಓಡಿದಾಗ ಅದು ನಾಲ್ಕು ಹೆಜ್ಜೆಯಿಟ್ಟು ಕುಳಿತುಬಿಡುತ್ತದೆ. ಕಾಲಿನ ನಡುಗಂಟು ಊದಿಕೊಳ್ಳುತ್ತದೆ. ಅನಂತರ ಎರಡು ಕಾಲುಗಳೂ ಹೊರಕ್ಕೆ ಬಾಗಿ, ಬೆಳೆಯುತ್ತಿರುವ ದೇಹದ ಭಾರವನ್ನು ಹೊರಲಾರದ ಸ್ಥಿತಿಗೆ ಬರುತ್ತವೆ. ಮೊದಲ ಲಕ್ಷಣದಲ್ಲಿಯೇ ಎಚ್ಚೆತ್ತರೆ ಕೆಲವೇ ದಿನಗಳಲ್ಲಿ ಮರಿ ಚೇತರಿಸಿಕೊಳ್ಳುವುದುಂಟು; ಎಲುಬು ಬಾಗಿದ ಮೇಲೆ ಔಷಧವಿದ್ದರೂ ಪ್ರಯೋಜನ ಕಡಮೆ.

ಈ ನಯಾಸಿನ್ನಿಗೂ ಮನುಷ್ಯಕುಲಕ್ಕೂ ಒಂದು ಹಳೆಯ ಸಂಬಂಧವುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಮುಸುಕಿನ ಜೋಳವನ್ನೇ ನೆಚ್ಚಿಕೊಂಡಿದ್ದ ಬಡಜನರು ಚರ್ಮ ಬಿರಿದು, ಭೇದಿ ಹತ್ತಿ, ಬುದ್ಧಿ ಭ್ರಮಿಸಿ ಸಾಯುತ್ತಿದ್ದ ಪೆಲ್ಲಾಗ್ರ ಎಂಬ ವ್ಯಾಧಿಯು ಸೋಂಕಿನಿಂದ ಬರುವುದೆಂದು ಬಹುಮಂದಿ ನಂಬಿದ್ದಾಗ, ಅದು ಆಹಾರದ ಕೊರತೆಯ ಫಲವೆಂದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನು 1914ರಿಂದ ಮೊದಲುಗೊಂಡು ತೋರಿಸುತ್ತ ಬಂದನು. ಆ ಕೊರತೆಯು ಯಾವುದರದೆಂಬುದನ್ನು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ನಾಯಿಗಳ ಮೇಲಿನ ಪ್ರಯೋಗದಿಂದ ನಿರ್ಧರಿಸಿದನು. ನಮ್ಮ ದಖ್ಖಣದ ಜೋಳದ ಸೀಮೆಯ ಬಡವರಲ್ಲಿ ಅದೇ ರೋಗ ಕಾಣಿಸಿಕೊಳ್ಳುತ್ತಿದ್ದುದನ್ನು ಹೈದರಾಬಾದಿನ ಪೋಷಣಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮೊದಲಾದವರು 1960ರ ಸುಮಾರಿನಲ್ಲಿ ವಿಶೇಷವಾಗಿ ಅಭ್ಯಸಿಸಿದರು. ಮುಸುಕಿನ ಜೋಳದಲ್ಲಿ ನಯಾಸಿನ್ ಇಲ್ಲವೆಂದಲ್ಲ. ಇರುವುದರಲ್ಲಿ ಬಹುಭಾಗ ಕರುಳು ಬಿಡಿಸಿಕೊಳ್ಳಲಾರದಂತೆ ಬಂಧಿತವಾಗಿದೆ. ಕೋಳಿಯ ಫೀಡಿನಲ್ಲಿ ಅತ್ಯಧಿಕ ಪ್ರಮಾಣದಲ್ಲಿರುವುದು ಈ ಮುಸುಕಿನ ಜೋಳವೇ ಎಂಬುದನ್ನು ನೆನೆದರೆ, ಬಾತುಮರಿಯ ಕಾಲು ಏಕೆ ಬಾಗುತ್ತದೆಂಬುದು ತಿಳಿಯುತ್ತದೆ.

ಪರಿಹಾರವು ಕಷ್ಟಸಾಧ್ಯವಾದುದಲ್ಲ, ದುಬಾರಿಯೂ ಅಲ್ಲ. ಪಶು ಔಷಧಾಲಯಗಳಲ್ಲಿ ದೊರೆಯುವ ಬ್ರೂವರ್ಸ್ ಯೀಸ್ಟಿನ ಪುಡಿಯನ್ನು ಕಿಲೋ ಫೀಡಿಗೆ ಸುಮಾರು 50 ಗ್ರಾಮಿನಂತೆ, ಕೊಂಚ ನೀರು ಚಿಮುಕಿಸಿದ ಆಹಾರಕ್ಕೆ ಅಂಟುವಂತೆ ಬೆರೆಸುವುದು ರೂಢಿಯಲ್ಲಿರುವ ಕ್ರಮ. ಬ್ರೆಡ್ಡಿನ ಹಿಟ್ಟನ್ನು ಹುದುಗಿಸಲು ಬಳಸುವ ಸಜೀವ ಯೀಸ್ಟು ಇದಲ್ಲವೆಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು; ಅದು ಹೊಟ್ಟೆಯೊಳಗೆ ಹುದುಗೆದ್ದು ಅಪಾಯ ತರುತ್ತದೆ. ಪುಡಿ ಸಿಕ್ಕದಿದ್ದರೆ ಬಿ-ಕಾಂಪ್ಲೆಕ್ಸ್ ದ್ರಾವಣವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕುಡಿಯುವ ನೀರಿಗೆ ಸೇರಿಸಬಹುದು. ಮೀನಿನಲ್ಲಿಯೂ ನಯಾಸಿನ್ ಸಮೃದ್ಧವಾಗಿರುವುದರಿಂದ ಕರಾವಳಿಯವರಿಗೆ ಒಣಮೀನಿನ ಪುಡಿ ಸುಲಭವಾದ ಸಾಧನ; ಆದರೆ ಉಪ್ಪು ಹಾಕಿ ಒಣಗಿಸಿದ ಮೀನು ಸರ್ವಥಾ ಸಲ್ಲದು, ಏಕೆಂದರೆ ಎಳೆಯ ಬಾತುವಿನ ಮೂತ್ರಪಿಂಡಗಳು ಅಧಿಕ ಉಪ್ಪನ್ನು ತಾಳಲಾರವು. ಬಿಸಿಲಿಗೆ ಒಣಗಿಸಿದ ಉಪ್ಪಿಲ್ಲದ ಮೀನನ್ನೇ ಆಯ್ದುಕೊಳ್ಳಬೇಕು.

ಚೀಲಗಳಲ್ಲಿ ಮರಿಗಳಿಗೆ ನಿಷಿದ್ಧವಾದುದು ಒಂದಿದೆ: ಲೇಯರ್ ಫೀಡು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣಕ್ಕಾಗಿ ಅದರಲ್ಲಿ ಶೇಕಡ ಮೂರೂವರೆಯಿಂದ ನಾಲ್ಕರಷ್ಟು ಕ್ಯಾಲ್ಸಿಯಂ ಬೆರೆಸಿರುತ್ತಾರೆ. ಮರಿಗೆ ಬೇಕಾದುದು ಶೇಕಡ ಒಂದಕ್ಕೂ ಕಡಮೆ. ‘ಎಲುಬು ಗಟ್ಟಿಯಾಗಲಿ’ ಎಂಬ ಸದುದ್ದೇಶದಿಂದ ಹಾಕಿದ ಈ ಸುಣ್ಣವು ಮೂತ್ರಪಿಂಡಗಳನ್ನು ಕೆಡಿಸುವುದಲ್ಲದೆ, ರಂಜಕದೊಡನೆ ಇರಬೇಕಾದ ಸಮತೋಲವನ್ನು ತಪ್ಪಿಸಿ ಎಲುಬನ್ನೂ ದುರ್ಬಲಗೊಳಿಸುತ್ತದೆ. ತಾಯಿಬಾತುಗಳೂ ಮರಿಗಳೂ ಒಂದೇ ಅಂಗಳದಲ್ಲಿರುವಾಗ, ಎಲ್ಲಕ್ಕೂ ಗ್ರೋವರನ್ನೇ ಹಾಕಿ, ಮೊಟ್ಟೆಯಿಡುವವುಗಳಿಗಾಗಿ ಕಪ್ಪೆಚಿಪ್ಪಿನ ಚೂರನ್ನು ಪ್ರತ್ಯೇಕ ಬಟ್ಟಲಿನಲ್ಲಿಡುವುದು ಜಾಣತನ. ಬೇಕಾದವು ಬೇಕಾದಷ್ಟನ್ನು ತಾವೇ ಹೆಕ್ಕಿಕೊಳ್ಳುತ್ತವೆ. ಔಷಧ ಬೆರೆಸಿದ ಸ್ಟಾರ್ಟರಿನ ವಿಷಯದಲ್ಲಿಯೂ ಎಚ್ಚರವಿರಬೇಕು. ಕೋಳಿಮರಿಗಳ ರಕ್ತಭೇದಿಯನ್ನು ತಡೆಯಲು ಸೇರಿಸುವ ಕೆಲವು ಔಷಧಗಳ ಪ್ರಮಾಣವು ಕೋಳಿಮರಿ ತಿನ್ನುವ ಅಳತೆಗೆ ಹೊಂದಿದ್ದು. ಬಾತುಮರಿ ಅದಕ್ಕಿಂತ ಹೆಚ್ಚು ತಿನ್ನುವುದರಿಂದ ಔಷಧವೂ ಹೆಚ್ಚಾಗಿ ಒಳಸೇರುತ್ತದೆ. ಔಷಧವಿಲ್ಲದ ಚೀಲ ದೊರೆಯುವುದಾದರೆ ಅದನ್ನೇ ಕೊಳ್ಳುವುದು ಲೇಸು.

ಮೇಲೆ ಹೇಳಿದ ದೋಷಗಳೆಲ್ಲ ವಾರಗಳ ಕಾಲ ಕಾದು ತಲೆಯೆತ್ತುವಂಥವು. ದಿನಗಳೊಳಗೆ ಕೊಟ್ಟಿಗೆಯನ್ನೇ ಬರಿದುಮಾಡುವ ವಿಪತ್ತು ಇನ್ನೊಂದಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿಕೋಳಿಗಳ ಮರಿಗಳು ಕಾರಣ ತಿಳಿಯದೆ ಸಾಯತೊಡಗಿ, ಕೆಲವೇ ತಿಂಗಳುಗಳಲ್ಲಿ ಸತ್ತವುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಬಾತುಮರಿಗಳೂ ಅದೇ ರೀತಿಯಲ್ಲಿ ಯಕೃತ್ತು ಕೆಟ್ಟು ಸತ್ತವು. ಶೋಧಿಸುತ್ತ ಹೋದಾಗ, ಬ್ರೆಜಿಲ್ ದೇಶದಿಂದ ತರಿಸಿದ ಕಡಲೇಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸ್ರವಿಸಿದ ವಿಷವೇ ಕಾರಣವೆಂದು ಬಯಲಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದರ ವಿಷಯದಲ್ಲಿ ಬಾತುಮರಿ ಎಷ್ಟು ಸೂಕ್ಷ್ಮವೆಂದರೆ, ಆಹಾರದಲ್ಲಿ ಈ ವಿಷವಿದೆಯೇ ಇಲ್ಲವೇ ಎಂದು ಕಂಡುಹಿಡಿಯಲು ವಿಜ್ಞಾನಿಗಳು ಒಂದು ದಿನದ ಬಾತುಮರಿಗಳನ್ನೇ ಪರೀಕ್ಷಾಪ್ರಾಣಿಗಳನ್ನಾಗಿ ಬಳಸಿದರು; ಕೋಳಿ ತಿಂದು ಅರಗಿಸಿಕೊಳ್ಳುವ ಪ್ರಮಾಣವೇ ಬಾತುಮರಿಗೆ ಮೃತ್ಯುವಾಗಬಹುದು. ಕಡಲೇಕಾಯಿ ಬೆಳೆದು, ಗಾಣವಾಡಿಸಿ, ಹಿಂಡಿಯನ್ನು ದನಕರುಗಳಿಗೆ ಇಡುವ ನಮ್ಮ ನಾಡಿನಲ್ಲಿ ಈ ಮಾತಿಗೆ ವಿಶೇಷ ಬೆಲೆಯಿದೆ. ಮಳೆಗಾಲದ ತೇವದಲ್ಲಿ ಮೂಲೆಯಲ್ಲಿದ್ದ ಹಿಂಡಿಯನ್ನಾಗಲಿ, ಬೂಷ್ಟು ಹಿಡಿದ ಮುಸುಕಿನ ಜೋಳದ ನುಚ್ಚನ್ನಾಗಲಿ, ‘ಬಾತು ಏನನ್ನಾದರೂ ತಿನ್ನುತ್ತದೆ’ ಎಂದು ಮರಿಗಳಿಗೆ ಸುರಿಯುವುದಕ್ಕಿಂತ ತಿಪ್ಪೆಗೆ ಹಾಕುವುದು ಉತ್ತಮ.

ಆದ್ದರಿಂದ ಚೀಲವನ್ನು ಬಿಚ್ಚಿದೊಡನೆ ತಳದ ತನಕ ಕೈಹಾಕಿ ಒಂದು ಹಿಡಿಯನ್ನು ಮೇಲಕ್ಕೆ ತೆಗೆದು ನೋಡಬೇಕು. ಒಳ್ಳೆಯ ಫೀಡು ಬೆರಳ ಸಂದಿನಿಂದ ಸಡಿಲವಾಗಿ ಉದುರುತ್ತದೆ, ಹೊಸದಾಗಿ ಒಡೆದ ಧಾನ್ಯದ ಕಂಪನ್ನು ಕೊಡುತ್ತದೆ. ಹೆಂಟೆಗಟ್ಟಿದ್ದರೆ, ಕೈಗೆ ಬೆಚ್ಚಗೆ ತಗುಲಿದರೆ, ಮುಗ್ಗಲು ವಾಸನೆ ಬಂದರೆ, ಹಸುರು ಅಥವಾ ಬೂದಿಯ ಬಣ್ಣದ ಪುಡಿ ಹಾರಿದರೆ ಅದನ್ನು ಹಿಂದಿರುಗಿಸಬೇಕು. ಬೂಷ್ಟು ಕಂಡ ಭಾಗವನ್ನಷ್ಟೇ ತೆಗೆದು ಉಳಿದುದನ್ನು ಬಿಸಿಲಿಗೆ ಹರಡಿ ಬಳಸುವ ಮಿತವ್ಯಯವೂ ಇಲ್ಲಿ ಸಲ್ಲದು. ಬಿಸಿಲು ಬೂಷ್ಟನ್ನು ಒಣಗಿಸುತ್ತದೆಯೇ ಹೊರತು ಅದು ಬಿಟ್ಟುಹೋದ ವಿಷವು ಕಾಳಿನಲ್ಲಿಯೇ ಉಳಿಯುತ್ತದೆ. ಇಪ್ಪತ್ತು ಮರಿಗಳಿಗೆ ಎರಡು ಮೂರು ವಾರಗಳಲ್ಲಿ ಖರ್ಚಾಗುವಷ್ಟನ್ನು ಮಾತ್ರ ತಂದು, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡುವುದು ಕ್ಷೇಮ. ಅಕ್ಕಿಯ ತೌಡಿನ ವಿಷಯದಲ್ಲಂತೂ ಈ ಜಾಗ್ರತೆ ಇಮ್ಮಡಿಯಾಗಿರಬೇಕು. ಅದರಲ್ಲಿರುವ ಎಣ್ಣೆಯು ಬಹುಬೇಗ ಕಮಟು ಹತ್ತುತ್ತದೆ.

ಏನನ್ನು ಕೊಡಬೇಕೆಂಬುದರಷ್ಟೇ ಪ್ರಧಾನವಾದುದು ಹೇಗೆ ಕೊಡಬೇಕೆಂಬುದು. ಬಾತುಮರಿ ತಿನ್ನುವುದನ್ನು ಹತ್ತಿರ ಕುಳಿತು ನೋಡಿದವರಿಗೆ ಅದರ ಕ್ರಮ ವಿಚಿತ್ರವೆನಿಸುತ್ತದೆ: ಒಂದು ಬಾಯಿ ಫೀಡನ್ನು ಗೋರಿಕೊಂಡು ನೀರಿನ ಬಟ್ಟಲಿಗೆ ಓಡುತ್ತದೆ, ಕೊಕ್ಕನ್ನು ಮುಳುಗಿಸಿ ಅಲ್ಲಾಡಿಸಿ ನುಂಗುತ್ತದೆ, ಮತ್ತೆ ಓಡಿಬಂದು ಇನ್ನೊಂದು ಬಾಯಿ ತುಂಬಿಕೊಳ್ಳುತ್ತದೆ, ಹತ್ತು ನಿಮಿಷಗಳಲ್ಲಿ ನೀರೆಲ್ಲ ಫೀಡಿನ ಕೆಸರಾಗಿ, ಫೀಡೆಲ್ಲ ನೀರಿನ ಮುದ್ದೆಯಾಗಿ, ಸುತ್ತಲಿನ ನೆಲವೆಲ್ಲ ಒದ್ದೆಯಾಗಿರುತ್ತದೆ. ಇದು ಚೇಷ್ಟೆಯಲ್ಲ. ಬಾತುವಿನ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತ ಏಣುಗಳುಂಟು. ನೀರನ್ನು ಹೊರಬಿಟ್ಟು ಆಹಾರವನ್ನು ಒಳಗೆ ತಡೆದುಕೊಳ್ಳುವುದಕ್ಕಾಗಿ ಅವು ರಚಿತವಾಗಿವೆ. ಒಣಹಿಟ್ಟು ಆ ಸಂದುಗಳಲ್ಲಿ ಸೇರಿ ಅಂಟಾಗಿ, ಮೂಗಿನ ಹೊಳ್ಳೆಗಳನ್ನೂ ಮುಚ್ಚುತ್ತದೆ, ಗಂಟಲಿಗೂ ಅಡರುತ್ತದೆ. ಆದುದರಿಂದ ನೀರಿಲ್ಲದ ಸ್ಥಳದಲ್ಲಿ ಬಾತುವಿಗೆ ಫೀಡು ಹಾಕಬಾರದೆಂಬುದು ಬಾತುಸಾಕಣೆಯ ಮೊದಲ ನಿಯಮ. ನೀರಿನ ಪಾತ್ರೆ ಹೊಳ್ಳೆಗಳು ಮುಳುಗುವಷ್ಟು ಆಳವಾಗಿದ್ದರೆ ಸಾಕು. ತಾಯಿಯ ಮೈಯೆಣ್ಣೆಯ ರಕ್ಷಣೆಯಿಲ್ಲದೆ ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಗಳು ಪಾತ್ರೆಯೊಳಗೆ ಇಳಿದು ತೊಯ್ದರೆ ಚಳಿ ಹಿಡಿದು ಸಾಯುವ ಸಂಭವವಿರುವುದರಿಂದ, ಮೇಲೆ ತಂತಿಯ ಜಾಲರಿಯನ್ನು ಹೊದಿಸಿ ತಲೆಯಷ್ಟೇ ಒಳಹೋಗುವಂತೆ ಮಾಡಬೇಕು.

ಫೀಡು ಪುಡಿಯಾಗಿರುವ ಮ್ಯಾಶ್ ಆದರೆ ನೀರು ಬೆರೆಸಿಯೇ ಕೊಡಬೇಕು. ಹದವೆಂದರೆ, ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಿ, ಕೈಬಿಟ್ಟೊಡನೆ ಉದುರಬೇಕು. ಕೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಯಿತು. ಒಂದು ಹೊತ್ತಿಗೆ ತಿಂದು ಮುಗಿಸುವಷ್ಟನ್ನು ಮಾತ್ರ ಕಲಸಿ, ಉಳಿದುದನ್ನು ನಮ್ಮ ಬೇಸಗೆಯ ಸೆಕೆಯಲ್ಲಿ ಹುಳಿಯಾಗುವ ಮೊದಲೇ ತೆಗೆದುಬಿಡಬೇಕು. ಕ್ರಂಬಲ್ ಎಂಬ ತರಿ, ಪೆಲೆಟ್ ಎಂಬ ಕಡ್ಡಿಗುಳಿಗೆ ದೊರೆತರೆ ಅಪವ್ಯಯ ಬಹಳ ಕಡಮೆ. ಎಳೆಯ ಮರಿಗಳಿಗೆ ತರಿಯೂ ಎರಡು ವಾರ ಕಳೆದವಕ್ಕೆ ಸಣ್ಣ ಗುಳಿಗೆಯೂ ಒಪ್ಪುತ್ತವೆ. ಮೊದಲ ಎಂಟು ವಾರ ಹಗಲೆಲ್ಲ ಫೀಡು ಎದುರಿಗಿರುವಂತೆ ನೋಡಿಕೊಂಡು, ಆಮೇಲೆ ಬೆಳಗ್ಗೆ ಸಂಜೆ ಎರಡು ಹೊತ್ತಿಗೆ ಇಳಿಸುವುದು ರೂಢಿ.

ಫೀಡಿನ ಜತೆಗೆ ಹಸುರು ಬೇಕೇ ಬೇಕು. ಕೊತ್ತಂಬರಿ, ನುಗ್ಗೆ, ಹೊನಗೊನ್ನೆ ಮೊದಲಾದ ಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ ನೀರಿನ ಬಟ್ಟಲಿನ ಮೇಲೆ ತೇಲಬಿಟ್ಟರೆ ಮರಿಗಳು ಮೊದಲ ವಾರದಲ್ಲಿಯೇ ಅದನ್ನು ಸೋಸಿ ತಿನ್ನಲು ಕಲಿಯುತ್ತವೆ. ಈಚೆಗೆ ನಮ್ಮ ರೈತರು ದನಗಳಿಗಾಗಿ ತೊಟ್ಟಿಗಳಲ್ಲಿ ಬೆಳೆಸುವ ಅಜೋಲವು ಬಾತುಗಳಿಗೆ ಪರಮಪ್ರಿಯ. ಒಣಗಿಸಿ ಅಳೆದರೆ ಅದರಲ್ಲಿ ಶೇಕಡ 20ಕ್ಕೂ ಮಿಕ್ಕಿ ಪ್ರೋಟೀನು ಕಾಣುತ್ತದೆಂಬುದು ನಿಜವಾದರೂ, ಹಸಿಯ ಅಜೋಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ, ಎಳೆಯ ಮರಿಯ ಪುಟ್ಟ ಹೊಟ್ಟೆಯನ್ನು ಅದರಿಂದಲೇ ತುಂಬಿಸುವುದು ಪೋಷಣೆಯೆನಿಸದು. ಸೊಪ್ಪು ಕಾಳುಗಳನ್ನು ತಿನ್ನುವ ಮರಿಗಳಿಗೆ ಸಣ್ಣ ಗರಸನ್ನೂ ಒದಗಿಸಬೇಕು. ಹಲ್ಲಿಲ್ಲದ ಹಕ್ಕಿಯು ತನ್ನ ಸ್ನಾಯುಮಯವಾದ ಜಠರದಲ್ಲಿ ಆ ಕಲ್ಲುಗಳಿಂದಲೇ ಆಹಾರವನ್ನು ಅರೆದುಕೊಳ್ಳುತ್ತದೆ. ಕೆರೆಯ ದಂಡೆಯಲ್ಲಿ ಮಕ್ಕಳು ಪ್ರೀತಿಯಿಂದ ಎಸೆಯುವ ಬ್ರೆಡ್ಡು ಹೊಟ್ಟೆಯನ್ನು ತುಂಬಿಸಿ ಹಸಿವನ್ನು ಕೊಲ್ಲುವುದೇ ಹೊರತು ದೇಹಕ್ಕೆ ಏನನ್ನೂ ಕೊಡದು.

ಕೊರತೆಯಂತೆಯೇ ಅತಿಯೂ ದೋಷವೇ. ಬ್ರಾಯ್ಲರ್ ಫೀಡನ್ನೇ ತಿಂಗಳುಗಟ್ಟಲೆ ತಿನ್ನಿಸಿದರೆ ಮರಿ ದಷ್ಟಪುಷ್ಟವಾಗಬಹುದೆಂದು ಎಣಿಸುವವರುಂಟು. ನಾಲ್ಕನೆಯ ವಾರದ ಸುಮಾರಿಗೆ ರೆಕ್ಕೆಯ ದೊಡ್ಡ ಗರಿಗಳು ರಕ್ತ ತುಂಬಿದ ಕೊಳವೆಗಳಾಗಿ ಭಾರವಾಗಿ ಹೊರಡುತ್ತವೆ. ಶರೀರದ ಬೆಳವಣಿಗೆ ಅತಿವೇಗವಾದಲ್ಲಿ ಮಣಿಕಟ್ಟಿನ ಎಳೆಯ ಕೀಲು ಆ ಭಾರವನ್ನು ತಾಳದೆ ಹೊರಕ್ಕೆ ತಿರುಚಿಕೊಂಡು, ರೆಕ್ಕೆಯ ತುದಿ ಮೈಗೆ ಒರಗದೆ ಪಕ್ಕಕ್ಕೆ ಚಾಚಿ ನಿಲ್ಲುತ್ತದೆ. ಈ ವಿಕಾರದ ಕಾರಣಗಳ ಬಗೆಗೆ ತಜ್ಞರಲ್ಲಿ ಪೂರ್ಣವಾದ ಏಕಾಭಿಪ್ರಾಯವಿಲ್ಲದಿದ್ದರೂ, ಸಾರಾಧಿಕ್ಯದ ಆಹಾರವು ಅದನ್ನು ಹೆಚ್ಚಿಸುವುದೆಂಬುದು ಸಾಕುವವರ ವ್ಯಾಪಕವಾದ ಅನುಭವ. ಕಂಡೊಡನೆ ರೆಕ್ಕೆಯನ್ನು ಸಹಜವಾದ ಮಡಿಕೆಯಲ್ಲಿಟ್ಟು ಮೆತ್ತನೆಯ ಪಟ್ಟಿಯಿಂದ ಕೆಲವು ದಿನ ಕಟ್ಟಿ, ಫೀಡಿನ ಪ್ರೋಟೀನನ್ನು ತಗ್ಗಿಸಿ, ಓಡಾಟಕ್ಕೆ ಬಿಟ್ಟರೆ ಎಳೆಯ ಮರಿಗಳಲ್ಲಿ ಅದು ಸರಿಹೋಗುವುದುಂಟು.

ಶಾಸ್ತ್ರಗ್ರಂಥಗಳನ್ನು ನೋಡದೆಯೇ ಈ ಕ್ರಮವನ್ನು ಅನುಸರಿಸುತ್ತ ಬಂದವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಕುಟ್ಟನಾಡಿನಲ್ಲಿ ಬಾತುಸಾಕಣೆ ವಂಶಪಾರಂಪರ್ಯವಾದ ವೃತ್ತಿ. ಅಲ್ಲಿಯವರು ಎಳೆಯ ಮರಿಗಳನ್ನು ಮನೆಯ ಬಳಿಯಲ್ಲಿಯೇ ಇಟ್ಟುಕೊಂಡು ಬೇಯಿಸಿದ ಅಕ್ಕಿಯನ್ನೂ ಮೀನನ್ನೂ ಕೈಯಾರೆ ಉಣಿಸಿ, ಮರಿಗಳು ಬಲಿತ ಬಳಿಕ ಕೊಯ್ಲಾದ ಗದ್ದೆಗಳಿಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಉದುರಿದ ಭತ್ತ, ಕೂಳೆಯ ನಡುವಿನ ಹುಳು, ಏಡಿ, ಬಸವನಹುಳುಗಳೇ ಅವುಗಳ ಭೋಜನ. ನಮ್ಮಲ್ಲಿಯೂ ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಕೊಯ್ಲಿನ ಅನಂತರ, ನೆರೆಯ ರಾಜ್ಯಗಳಿಂದ ಬಂದ ಬಾತುಗಳ ದೊಡ್ಡ ದೊಡ್ಡ ಹಿಂಡುಗಳು ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಸಾಗುವುದನ್ನು ಕಾಣಬಹುದು. ಹಿಂಡಿನ ಒಡೆಯನು ಅಂಥ ಬೆಳೆದ ಬಾತುಗಳಿಗೆ ಚೀಲದ ಫೀಡನ್ನು ಹೆಚ್ಚಾಗಿ ಕೊಳ್ಳುವುದಿಲ್ಲ. ಕೊಳ್ಳುವ ಅಗತ್ಯವೂ ಅವನಿಗಿಲ್ಲ. ಗದ್ದೆ ಕೊಡಲಾರದ ವಯಸ್ಸಿನಲ್ಲಿ ತಾನು ಕೊಟ್ಟು, ಗದ್ದೆ ಕೊಡಬಲ್ಲ ವಯಸ್ಸಿನಲ್ಲಿ ಅದರ ಪಾಲಿಗೆ ಬಿಡುವುದು ಅವನ ಅರ್ಥನೀತಿ.

ಹಿತ್ತಿಲಿನಲ್ಲಿ ಇಪ್ಪತ್ತು ಮರಿಗಳನ್ನು ಸಾಕುವವರಿಗೂ ಇದಕ್ಕಿಂತ ಮೇಲಾದ ನೀತಿಯಿಲ್ಲ. ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕ್ಷೇತ್ರದಲ್ಲಿ ಸಂವರ್ಧನೆಗೊಂಡು ನಾಡಿನ ಹಲವೆಡೆ ಹಂಚಿಹೋದ ಖಾಕಿ ಕ್ಯಾಂಪ್‌ಬೆಲ್ ತಳಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಬಾತು ಮೊದಲ ಇಪ್ಪತ್ತು ವಾರಗಳಲ್ಲಿ ತಿನ್ನುವ ಫೀಡು ಸುಮಾರು 12.5 ಕಿಲೋ; ಅಲ್ಲಿಂದ ಮುಂದೆ, ಮೊಟ್ಟೆಯ ಪ್ರಮಾಣವನ್ನೂ ಹಸುರಿನ ಲಭ್ಯತೆಯನ್ನೂ ಅನುಸರಿಸಿ, ದಿನಕ್ಕೆ 120 ಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು. ಮೊದಲ ಎರಡು ಮೂರು ವಾರಗಳಲ್ಲಿ, ಎಂದರೆ ಒಳ್ಳೆಯ ಸ್ಟಾರ್ಟರ್, ಯೀಸ್ಟು, ಉಪ್ಪಿಲ್ಲದ ಮೀನುಗಳು ಬೇಕಾಗುವ ಕಾಲದಲ್ಲಿ, ಮರಿಯ ಶರೀರವೇ ಅಂಗೈಯಗಲದ್ದಾಗಿರುವುದರಿಂದ ಈ ಹನ್ನೆರಡೂವರೆ ಕಿಲೋವಿನಲ್ಲಿ ಅದರ ಪಾಲು ಅತ್ಯಲ್ಪ. ಆಗ ಅಗ್ಗದ ನುಚ್ಚು ತೌಡುಗಳನ್ನು ಹಾಕಿ ಉಳಿಸಿದ ಹಣ ಲೆಕ್ಕಕ್ಕೆ ಬಾರದಷ್ಟು ಕಡಮೆ, ಕಳೆದುಕೊಂಡ ಬಲವಾದರೋ ಮುಂದೆ ಎಷ್ಟು ಹಣದಿಂದಲೂ ಬಾರದು. ಉಳಿಸಬಹುದಾದ ಹಣವೆಲ್ಲ ಇರುವುದು ಎಂಟನೆಯ ವಾರದಿಂದ ಇಪ್ಪತ್ತನೆಯ ವಾರದವರೆಗಿನ ದೀರ್ಘಾವಧಿಯಲ್ಲಿ: ಆಗ ಬಾತುವಿನ ಹಸಿವೂ ದೊಡ್ಡದು, ಅದರ ಅರಗಿಸುವ ಶಕ್ತಿಯೂ ದೊಡ್ಡದು, ಗದ್ದೆಯ ಬದು, ಕೆರೆಯ ಅಂಚು, ಅಜೋಲದ ತೊಟ್ಟಿ, ಅಡಿಗೆಮನೆಯ ಅಕ್ಕಿ ತೊಳೆದ ನೀರಿನ ನುಚ್ಚು, ಬೂಷ್ಟು ತಾಗದ ರಾಗಿ, ಹೊಸ ತೌಡು ಇವೆಲ್ಲವೂ ಫೀಡಿನ ಚೀಲದ ಅರ್ಧಭಾರವನ್ನು ಹೊರಬಲ್ಲವು. ಬಹುಮಂದಿ ಇದನ್ನು ತಿರುಗುಮುರುಗು ಮಾಡುತ್ತಾರೆ. ಮರಿಯಾಗಿದ್ದಾಗ ಸಿಕ್ಕಿದ್ದನ್ನು ಹಾಕಿ, ಬೆಳೆದ ಮೇಲೆ ಮೊಟ್ಟೆ ಬರಲಿಲ್ಲವೆಂದು ದುಬಾರಿಯ ಲೇಯರ್ ಫೀಡನ್ನು ಸುರಿಯುತ್ತಾರೆ. ಮೊದಲ ಮೂರು ವಾರಗಳ ಚೀಲವನ್ನು ಆರಿಸುವಾಗ ಬೆಲೆಯ ಕಡೆಗೆ ನೋಡದಿರುವವನಿಗೆ, ಆಮೇಲಿನ ತಿಂಗಳುಗಳಲ್ಲಿ ಬೆಲೆಯ ಚಿಂತೆ ತಾನಾಗಿಯೇ ಕಡಮೆಯಾಗುತ್ತದೆ.